ಬೆರ್ಸಿಯ ಗೂಟ

ನಡುಚಳಿಯ ಹಬ್ಬದ ಹಿಂದಿನ ದಿನ ಸ್ಕಾರ್ವಿಕ್‌ನ ದೊಡ್ಡಮನೆಯಲ್ಲಿ ಗಂಡಸರಿಗೆ ಕೆಲಸವಿಲ್ಲ, ಹೆಂಗಸರಿಗೆ ಬಿಡುವಿಲ್ಲ. ಗೋಡೆಯ ಗೂಟಗಳಿಂದ ಗುರಾಣಿಗಳನ್ನೆಲ್ಲ ಇಳಿಸಿ, ವರ್ಷವಿಡೀ ಕೂತ ಹೊಗೆಮಸಿ ಒರೆಸಿ, ಬಿಸಿ ಕುರಿಕೊಬ್ಬು ತಿಕ್ಕಿ ಮತ್ತೆ ಏರಿಸಬೇಕು. ವೀರರು ಒಳಗೋಡೆಯ ಉದ್ದಕ್ಕೂ ಇರುವ ಜಗಲಿಯ ಮೇಲೆ ಕಾಲು ಚಾಚಿಕೊಂಡು, ತಮ್ಮ ಗುರಾಣಿಗೆ ಕೊಬ್ಬು ಸಾಲದೆಂದು ಅಲ್ಲಿಂದಲೇ ಗೊಣಗುತ್ತಾರೆ. ಯುದ್ಧದಲ್ಲಿ ಅದನ್ನು ಎತ್ತುವ ಕೈಗೆ ಮನೆಯಲ್ಲಿ ಒರೆಸುವಷ್ಟು ಕಸುವು ಇರುವುದಿಲ್ಲ.

ಗ್ರೋವಾ ಆ ಗೊಣಗಾಟಕ್ಕೆ ಕಿವಿ ಕೊಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೊಬ್ಬಿನ ಮಡಕೆ ಕೆಂಡದ ಪಕ್ಕಕ್ಕೆ ಬಂದ ಕೂಡಲೇ ಅವಳು ಮೊದಲು ಇಳಿಸುತ್ತಿದ್ದದ್ದು ಮಗ ಬೆರ್ಸಿಯದನ್ನು. ಬೆರ್ಸಿ ಈಗಿಲ್ಲ. ದಕ್ಷಿಣದ ದಂಡಯಾತ್ರೆಗೆ ಹೋದವನು ಅಲ್ಲಿನ ಹೊಳೆಯ ಕಡವಿನಲ್ಲೇ ಸತ್ತ. ಹೆಣವೂ ಬರಲಿಲ್ಲ, ಗುರಾಣಿ ಮಾತ್ರ ಬಂತು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಳೆಮಗುವಿಗೆ ಎಣ್ಣೆ ಹಚ್ಚುವ ಹಾಗೆ ಅಂಗೈಯಿಂದ ತೀಡಿ ತೀಡಿ ಕೊಬ್ಬು ಹಚ್ಚುತ್ತಿದ್ದಳು. ಬೇರೆಯವರ ಗುರಾಣಿಗಳಲ್ಲಿ ಕೊಡಲಿ ಕಚ್ಚಿದ ಗಾಯ, ಬಾಣದ ತೂತು. ತಿಕ್ಕುವಾಗ ಬೆರಳಿಗೆ ಸಿಬಿರು ಚುಚ್ಚುತ್ತದೆ. ಬೆರ್ಸಿಯದು ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ. ಸಾಮಾನು ಜೋಪಾನ ಮಾಡುವುದರಲ್ಲಿ ಮಗ ತನ್ನನ್ನೇ ಹೋಲುತ್ತಿದ್ದ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

"ಗ್ರೋವಕ್ಕಾ, ಅದಕ್ಕೆ ಇನ್ನೂ ಎಷ್ಟು ಬಳೀತೀಯ? ಹುರಿದು ತಿನ್ನೋ ಹಾಗಾಗಿದೆ" ಎಂದಳು ಪಕ್ಕದಲ್ಲಿ ಕೂತಿದ್ದ ತೋವಾ. ಅಡುಗೆಮನೆಯಲ್ಲಿ ಗ್ರೋವಾಳ ಕೈಕೆಳಗೆ ಬೆಳೆದವಳು, ಈಗ ಎರಡು ಮಕ್ಕಳ ತಾಯಿ, ನಾಲಿಗೆಗೆ ಲಂಗುಲಗಾಮಿಲ್ಲ.

"ನಿನ್ನ ಗಂಡಂದಕ್ಕೆ ಹಚ್ಚು ಹೋಗೆ. ಅದರ ತೂತಲ್ಲಿ ಇಲಿ ಮರಿ ಹಾಕಿದೆ."

"ಅವನ ತಲೇಲೂ ಹಾಕಿದೆ, ಬಿಡು." ತೋವಾ ನಕ್ಕಳು. ಆಮೇಲೆ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅಕ್ಕಾ, ಹೇಳಿದ್ರೆ ಬೇಜಾರ್ ಮಾಡ್ಕೋಬೇಡ. ಗ್ಲೂಮ ಇವತ್ತು ಬೆಳಗ್ಗೆ ಬೆರ್ಸಿ ಗೂಟದ ಕೆಳಗೆ ನಿಂತು ಕೈ ಎತ್ತಿ ಅಳತೆ ನೋಡ್ತಿದ್ದ. ಹೊಸ ಗುರಾಣಿಗೆ ಬಾರು ಕತ್ತರಿಸೋಕೆ."

ಗ್ರೋವಾಳ ಕೈ ಗುರಾಣಿಯ ಮೇಲೆ ನಿಂತಿತು.

ಗ್ಲೂಮ ಅಂದರೆ ಸ್ಕಾಪ್ತಿಯ ಅಳಿಯ. ಮದುವೆಯಾಗಿ, ಗಡ್ಡ ಎದೆಯವರೆಗೂ ಬಂದರೂ ದೊಡ್ಡಮನೆಯಲ್ಲಿ ಅವನಿಗೆ ಗೂಟವಿಲ್ಲ. ಗೂಟವಿಲ್ಲದವನಿಗೆ ಜಗಲಿಯಿಲ್ಲ. ಬಾಗಿಲ ಬಳಿ, ನಾಯಿಗಳು ಮಲಗುವ ಕಡೆ, ಕುಳ್ಳು ಮಣೆಯೊಂದರ ಮೇಲೆ ಕೂತು, ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದ ಗಂಜಿ ಕುಡಿಯಬೇಕು. ಹಿರಿಯರು ಎಷ್ಟು ಗೂಟ ಹೊಡೆದಿದ್ದರೋ ಅಷ್ಟೇ, ಹೊಸದು ಹೊಡೆಯುವಂತಿಲ್ಲ. ವೀರ ಸತ್ತ ಮೇಲೂ ಅವನ ಗುರಾಣಿ ತನ್ನ ಗೂಟದಲ್ಲೇ ಇರುತ್ತದೆ, ವರ್ಷಕ್ಕೊಮ್ಮೆ ನಡುಚಳಿಯ ಹಬ್ಬದಲ್ಲಿ ಯಾರಾದರೂ ಅವನ ಹೆಸರೆತ್ತಿ ಸಾಹಸ ಹೇಳುತ್ತಿರುವ ತನಕ. ಯಾವ ವರ್ಷ ಹೇಳುವವರಿಲ್ಲವೋ ಆ ವರ್ಷ ಗುರಾಣಿ ಇಳಿದು ಮನೆಯವರ ಕೈ ಸೇರುತ್ತದೆ, ಗೂಟ ಕಾದು ಕೂತವನಿಗೆ ಹೋಗುತ್ತದೆ. ಯುದ್ಧದಲ್ಲಿ ಬೆನ್ನು ತೋರಿಸಿದವನೆಂದು ತಿಳಿದರೆ ಮಾತ್ರ ಗುರಾಣಿಗೆ ಮನೆಯೂ ಇಲ್ಲ. ಅದು ದೊಡ್ಡಮನೆಯ ನಡುವೆ ಉರಿಯುವ ಉದ್ದ ಒಲೆಯ ಪಾಲು, ಅವನ ಕಡೆಯವರು ಬಾಗಿಲ ಬಳಿಯ ಪಾಲು.

ಯಾರು ಬೇಕಾದರೂ ಹೇಳುವಂತೆಯೂ ಇರಲಿಲ್ಲ. ಕಣ್ಣಿಂದ ಕಂಡವನೇ ಹೇಳಬೇಕು. ಅವನೂ ಸತ್ತವರಲ್ಲಿ ಒಬ್ಬನ ಹೆಸರನ್ನಷ್ಟೇ ಎತ್ತಬಹುದು. ಆ ಕಡವಿನಲ್ಲಿ ಇದ್ದವರು ಮೂವರು: ಬೆರ್ಸಿ, ಸ್ಕಾಪ್ತಿ, ಸ್ಕಾಪ್ತಿಯ ತಮ್ಮ ಓಡ್ಡಿ. ತಿರುಗಿ ಬಂದವನು ಸ್ಕಾಪ್ತಿ ಒಬ್ಬನೇ. ಹಾಗಾಗಿ ಬೆರ್ಸಿಯ ಗೂಟ ಇದ್ದದ್ದು ಗೋಡೆಯಲ್ಲಲ್ಲ, ಸ್ಕಾಪ್ತಿಯ ಬಾಯಲ್ಲಿ.

ದೋಣಿಗಳು ಮರಳಿದ ದಿನ ಗ್ರೋವಾ ಸೊಂಟದ ತನಕ ನೀರಿಗಿಳಿದು ನಿಂತಿದ್ದಳು. ಸ್ಕಾಪ್ತಿ ಬೆರ್ಸಿಯ ಗುರಾಣಿ ಹೊತ್ತು ಇಳಿದಾಗಲೇ ಅವಳಿಗೆ ವಿಷಯ ತಿಳಿದುಹೋಯಿತು. ಅಳಲಿಲ್ಲ. "ಏಟು ಎದೆಗೆ ಬಿತ್ತಾ?" ಎಂದಷ್ಟೇ ಕೇಳಿದಳು. "ಹೂಂ, ಅಕ್ಕ" ಎಂದ ಸ್ಕಾಪ್ತಿ. ಅವಳು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಚಳಿಗಾಲದ ಹಬ್ಬದಲ್ಲಿ ಅವನು ಹೇಳಿದ್ದನ್ನು ಕೇಳಿ ಕಲ್ಲೆದೆಯವರೂ ಕಣ್ಣೊರೆಸಿಕೊಂಡಿದ್ದರು. ತನ್ನ ತೊಡೆಗೆ ಏಟು ಬಿದ್ದು ತಾನು ಹುಲ್ಲಲ್ಲಿ ಉರುಳಿದ್ದಾಗ ಬೆರ್ಸಿ ಒಬ್ಬನೇ ಕಡವಿಗೆ ಅಡ್ಡ ನಿಂತನಂತೆ. ದೋಣಿಗಳು ನೀರಿಗಿಳಿಯುವ ತನಕ ಒಂದು ಹೆಜ್ಜೆ ಹಿಂದಿಡಲಿಲ್ಲವಂತೆ. ಸ್ವಂತ ತಮ್ಮ ಓಡ್ಡಿಯ ಹೆಸರು ಬಿಟ್ಟು, ಅವನ ಗೂಟವನ್ನೂ ಬಿಟ್ಟುಕೊಟ್ಟು, ಜೊತೆಗಾರನ ಹೆಸರು ಹೇಳಿದನಲ್ಲ ಎಂದು ಗ್ರೋವಾ ಅವನಿಗೆ ಆ ಚಳಿಗಾಲವೆಲ್ಲ ಒಳ್ಳೊಳ್ಳೆಯ ತುಂಡುಗಳನ್ನೇ ಬಡಿಸಿದ್ದಳು.

ಎರಡನೆಯ ಚಳಿಗಾಲ ಮಾತು ತುಸು ಜರುಗಿತು. "ಬೆರ್ಸಿ ಮತ್ತು ನಾನು ಹೆಗಲಿಗೆ ಹೆಗಲು ಕೊಟ್ಟು ನಿಂತೆವು" ಎಂದ. ಗ್ರೋವಾ ಹುಬ್ಬು ಗಂಟಿಕ್ಕಿದಳು. ಮೂರನೆಯ ಚಳಿಗಾಲ, "ಕಡವು ಹಿಡಿದವನು ನಾನು, ಬೆರ್ಸಿ ಹಿಂದೆ ಇದ್ದ" ಎಂದು ಎರಡು ಮಾತಲ್ಲಿ ಮುಗಿಸಿದ. ಸತ್ತವನು ಬಾಯಿ ತೆರೆಯುವುದಿಲ್ಲವೆಂಬ ಧೈರ್ಯದಲ್ಲಿ ಬದುಕಿದವನು ಅವನ ಸಾವನ್ನೂ ಚೂರು ಚೂರಾಗಿ ಕದಿಯುತ್ತಿದ್ದಾನೆ ಎಂದು ಊರೆಲ್ಲ ಗುಸುಗುಸು. ಆ ಸಲ ಗ್ರೋವಾ ಅವನ ತಟ್ಟೆಗೆ ಮೀನಿನ ಬಾಲ ಹಾಕಿದಳು. ಅಲ್ಲಿಂದ ಮುಂದೆ ಹಾಕಿದ್ದೆಲ್ಲ ಬಾಲವೇ. ಅವನು ತುಟಿ ಪಿಟಕ್ಕೆನ್ನದೆ ತಿಂದ.

ಅವನು ಸುಳ್ಳನೆಂಬುದಕ್ಕೆ ಗುರುತೂ ಇತ್ತು. ದೊಡ್ಡಮನೆಯ ಮಾತಿನ ಕೊಂಬು ಯಾವುದೋ ಕಡಲಮೃಗದ್ದು, ಮನೆಗಿಂತ ಹಳೆಯದು. ಅದರ ಮೇಲೆ ಕೈಯಿಟ್ಟು ಸುಳ್ಳಾಡಿದರೆ ಹಲ್ಲು ಉದುರುತ್ತದೆ, ಕೂತಲ್ಲೇ, ತಟ್ಟೆಗೆ ಟಣ್ಣೆಂದು. ಸ್ಕಾರ್ವಿಕ್‌ನಲ್ಲಿ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಬಾಯಿತುಂಬ ಹಲ್ಲಿರುವವನು ಇಲ್ಲಿ ಒಂದೋ ಮೂಗ, ಇಲ್ಲವೇ ಸಪ್ಪೆ ಮನುಷ್ಯ. ಆದರೂ ಸ್ಕಾಪ್ತಿಯ ಮುಂದಿನ ಹಲ್ಲುಗಳು ಹೋದದ್ದೆಲ್ಲ ಬೆರ್ಸಿಯ ಮಾತು ಎತ್ತಿದಾಗಲೇ. ಮೊದಲ ಚಳಿಗಾಲದ್ದೊಂದನ್ನು ಅವನು "ಒಣಮೀನು ಗಟ್ಟಿ ಇತ್ತು" ಎಂದು ನಕ್ಕು ಜೇಬಿಗೆ ಹಾಕಿಕೊಂಡಿದ್ದ. ಗ್ರೋವಾ ಅದನ್ನು ನಂಬಿ ಮಾರನೆಯ ದಿನದಿಂದ ಅವನ ಮೀನನ್ನು ನೆನೆಸಿ ಕೊಟ್ಟಿದ್ದಳು.

ಗುರಾಣಿಯನ್ನು ಗೂಟಕ್ಕೆ ಸಿಕ್ಕಿಸಿ, ಕೈಯ ಜಿಡ್ಡನ್ನೂ ತೊಳೆಯದೆ ಗ್ರೋವಾ ಹಿತ್ತಲ ಕಡೆ ನಡೆದಳು. ಮೀನಿನ ಕೊಟ್ಟಿಗೆಯಲ್ಲಿ ಸ್ಕಾಪ್ತಿ ಕಲ್ಲಿನ ಮೇಲೆ ಒಣಮೀನು ಇಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತಿದ್ದ. ಹಬ್ಬಕ್ಕೆ ಮೊದಲು ಕೈಯಾಡಿಸುವ ಗಂಡಸು ಅವನೊಬ್ಬನೇ. ಒಳ್ಳೆಯವನೆನಿಸಿಕೊಳ್ಳುವ ನಾಟಕ ಎಂದುಕೊಂಡಳು ಗ್ರೋವಾ.

"ಏನೋ ಸ್ಕಾಪ್ತಿ, ಅಳಿಯನಿಗೆ ಗೂಟ ಗೊತ್ತುಮಾಡಿದ್ಯಂತೆ?"

ಸುತ್ತಿಗೆ ನಿಂತಿತು. "ಯಾರಂದ್ರು ಅಕ್ಕ?"

"ಗೋಡೆ ಅಂತು. ಬೆಳಗ್ಗೆಯಿಂದ ಅದರ ಮೈ ಸವರ್ತಿದ್ನಲ್ಲ ನಿನ್ನ ಅಳಿಯ, ಕಚಗುಳಿ ಆಯ್ತಂತೆ. ಸುತ್ತಿ ಬಳಸಿ ಮಾತು ಬೇಡ. ನಾಳೆ ನನ್ನ ಮಗನ ಹೆಸರು ಹೇಳ್ತೀಯೋ ಇಲ್ವೋ?"

ಸ್ಕಾಪ್ತಿ ಮೀನನ್ನು ಮಗುಚಿ ಇನ್ನೊಂದು ಮಗ್ಗುಲು ಬಡಿದ. "ಇಲ್ಲ" ಎಂದ, ಮೀನಿನ ಕಡೆಯೇ ನೋಡುತ್ತ.

ಜಗಳಕ್ಕೆಂದೇ ಸೊಂಟ ಕಟ್ಟಿ ಬಂದಿದ್ದ ಗ್ರೋವಾ ಆ ಒಂದು ಮಾತಿಗೆ ಜಗಳವನ್ನೇ ಮರೆತಳು. ಬೇಡಬಾರದೆಂದುಕೊಂಡಿದ್ದವಳು ಬೇಡಿದಳು. "ಹೋಗ್ಲಿ ಕಣೋ, ನೀನೇ ಗೆದ್ದೆ ಅನ್ನು. ಕಡವು, ಹೊಳೆ, ಆ ಕಡೆಯ ಊರು, ಎಲ್ಲಾ ನೀನೇ ಹಿಡಿದೆ ಅನ್ನು. ಬೆರ್ಸಿ ನಿನಗೆ ನೀರು ತಂದ್ಕೊಟ್ಟ ಅನ್ನು. ನಿನ್ನ ಕೆರ ಹೊತ್ತಿದ್ದ ಅನ್ನು, ನಾನು ಹೂಂ ಅಂತೀನಿ. ಹೆಸರೊಂದು ಹೇಳೋ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಗೋರಿ ಇಲ್ಲ. ಆ ಗೂಟ ಬಿಟ್ರೆ ಅವನು ಇದ್ದ ಅನ್ನೋದಕ್ಕೆ ಏನಿದೆ?"

"ಆಗಲ್ಲ ಅಕ್ಕ."

"ಯಾಕಾಗಲ್ಲ?"

"ಇಷ್ಟಕ್ಕೇ ಬಿಟ್ಬಿಡು." ಸ್ಕಾಪ್ತಿ ಸುತ್ತಿಗೆ ಕೆಳಗಿಟ್ಟ. "ನಾಳೆ ಹಬ್ಬ ಮುಗಿದ ಮೇಲೆ ಗುರಾಣಿ ನಾನೇ ಹೊತ್ತು ನಿನ್ನ ಮನೆಗೆ ತಂದ್ಕೊಡ್ತೀನಿ. ಮಂಚದ ಮೇಲ್ಗಡೆ ನೇತುಹಾಕ್ಕೋ. ಅಲ್ಲೇ ಇರುತ್ತೆ, ಬೇಕಾದಾಗ ಮುಟ್ತೀಯ. ಯಾರೂ ಒಂದು ಮಾತು ಅನ್ನಲ್ಲ. ಅದೇ ಒಳ್ಳೇದು, ನನ್ನ ಮಾತು ಕೇಳು."

"ಒಳ್ಳೇದು! ಸತ್ತೋನ ಜಾಗ ಕಿತ್ಕೊಂಡು ಅವನ ತಾಯಿಗೆ ಹಲಗೆ ದಾನ ಮಾಡ್ತೀಯೇನೋ? ನಿನ್ನ ಬಾಯಲ್ಲಿ ಉಳಿದಿರೋ ಹಲ್ಲೂ ಉದುರಿಹೋಗ್ಲಿ."

"ಅವು ನಿನ್ನ ಶಾಪಕ್ಕೆ ಕಾಯ್ತಾ ಕೂತಿಲ್ಲ, ಅಕ್ಕ."

ಆ ಮಾತಿನ ತಣ್ಣನೆಯ ದನಿಗೇ ಗ್ರೋವಾಳ ಪಿತ್ತ ನೆತ್ತಿಗೇರಿತು. "ಸರಿ ಹಾಗಾದ್ರೆ. ನಾಳೆ ನಾನು ಕೊಂಬು ತಡೀತೀನಿ."

ಸ್ಕಾಪ್ತಿಯ ಮುಖ ಸುಣ್ಣದ ಹಾಗಾಯಿತು. ದೊಡ್ಡಮನೆಯಲ್ಲಿ ಕೊಂಬು ಹೊತ್ತು ಬಡಿಸುವವಳಿಗೆ ಬಾಳಿನಲ್ಲಿ ಒಂದೇ ಒಂದು ಸಲ ಆ ಹಕ್ಕು. ಹೆಂಡ ಕೊಡದೆ ಕೊಂಬನ್ನು ತಡೆದು, 'ಕಂಡದ್ದು ಹೇಳು' ಎಂದು ಅವಳು ಕೇಳಿದರೆ ಯಾವ ವೀರನೂ ತಪ್ಪಿಸಿಕೊಳ್ಳುವಂತಿಲ್ಲ. ಹೇಳಬೇಕು, ಇಲ್ಲವೇ ಬೆಳಗಾಗುವುದರೊಳಗೆ ಮನೆಮಂದಿಯನ್ನು ಕಟ್ಟಿಕೊಂಡು ಹಿಮಕ್ಕೆ ಇಳಿಯಬೇಕು. ಕೇಳಿದವಳು ಮತ್ತೆಂದೂ ಕೊಂಬು ಮುಟ್ಟುವಂತಿಲ್ಲ. ಗ್ರೋವಾಳಿಗಿಂತ ಮೊದಲಿನವಳು ಅದನ್ನು ಸ್ವಂತ ಗಂಡನಿಗೇ ತಡೆದು, ಕುರಿ ಕಾಯಲು ಹೋದವನು ಯಾರ ಗುಡಿಸಲಲ್ಲಿ ಮಲಗಿದ್ದೆ ಎಂದು ಕೇಳಿದ್ದಳಂತೆ. ಆ ಕಥೆಗೆ ಊರು ಈಗಲೂ ನಗುತ್ತದೆ.

ಸ್ಕಾಪ್ತಿ ನಗಲಿಲ್ಲ. "ಬೇಡ" ಎಂದ. "ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಬೇಕಾದ್ರೆ ಬೈಯಿ, ಬಾಲ ಹಾಕು, ಮುಖಕ್ಕೆ ಉಗಿ. ಅದೊಂದು ಮಾಡ್ಬೇಡ."

ಇಷ್ಟು ದಿನವಾದ ಮೇಲೆ ಗ್ರೋವಾಳ ಹೊಟ್ಟೆ ಮೊದಲ ಸಲ ತಣ್ಣಗಾಯಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಅವಳು ಅಲ್ಲಿಂದ ಹೊರಟಳು.

ಹಬ್ಬದ ಸಂಜೆ ಉದ್ದ ಒಲೆಗೆ ದಪ್ಪ ದಪ್ಪ ಕೊರಡುಗಳು ಬಿದ್ದವು. ಹೊಗೆಯಾಡಿಸಿದ ಕುರಿಯ ತೊಡೆ, ಬೆಣ್ಣೆ ಬಳಿದ ಒಣಮೀನು, ಬಾರ್ಲಿ ರೊಟ್ಟಿ, ಬೋಗುಣಿಗಳಲ್ಲಿ ಗಟ್ಟಿ ಮೊಸರು. ಒಡೆಯ ಇಂಗ್ವಾರ್ ಎತ್ತರದ ಪೀಠದಲ್ಲಿ ಕೂತು, ಊದಿದ ಕಾಲನ್ನು ಕರಡಿ ತೊಗಲಿನ ಮೇಲಿಟ್ಟುಕೊಂಡಿದ್ದ. ಗ್ರೋವಾ ಒಳ್ಳೆಯ ಕೆಂಪು ಮೇಲಂಗಿ ತೊಟ್ಟು, ತಲೆ ಬಾಚಿ, ಎರಡೂ ಕೈಯಲ್ಲಿ ಮಾತಿನ ಕೊಂಬು ಹಿಡಿದು ಜಗಲಿಯ ಉದ್ದಕ್ಕೂ ನಡೆದಳು. ಅವಳು ಯಾರ ಮುಂದೆ ನಿಲ್ಲುತ್ತಾಳೋ ಅವನು ಕೊಂಬಿನ ಮೇಲೆ ಬಲಗೈಯಿಟ್ಟು ತನ್ನ ಮಾತು ಹೇಳುತ್ತಾನೆ, ಆಮೇಲೆ ಅವಳು ಕೈ ಬಿಟ್ಟು ಕುಡಿಯಲು ಕೊಡುತ್ತಾಳೆ.

ಮೊದಲಿಗೊಬ್ಬ ಮುದುಕ, ಪ್ರತಿ ವರ್ಷ ಕೊಲ್ಲುವ ಕರಡಿಯನ್ನೇ ಮತ್ತೆ ಕೊಂದ. ಈ ಸಲ ಕರಡಿ ಇನ್ನೂ ಒಂದು ಮೊಳ ಬೆಳೆದಿತ್ತು. ಟಣ್ಣೆಂದು ತಟ್ಟೆಗೆ ಹಲ್ಲು ಬಿತ್ತು.

"ಅಜ್ಜಾ, ಸಾಕು ಬಿಡು, ಮುಂದಿನ ವರ್ಷಕ್ಕೆ ಒಸಡು ಮಾತ್ರ ಉಳಿದಿರೋದು!" ಎಂದು ಯಾರೋ ಕೂಗಿದರು.

"ಮೊಸರು ತಿನ್ನೋಕೆ ಹಲ್ಲು ಯಾಕೋ, ಮಂಕೇ?" ಎಂದ ಮುದುಕ, ತೊದಲುತ್ತ. ಜಗಲಿ ಬಿದ್ದು ಬಿದ್ದು ನಕ್ಕಿತು. ಗ್ರೋವಾ ನಗಲಿಲ್ಲ. ಅವಳ ಕಣ್ಣು ಸಾಲಿನ ನಡುವೆ ಕೂತ ಸ್ಕಾಪ್ತಿಯ ಮೇಲಿತ್ತು. ಅವನ ಹಿಂದೆ ನೀರಿನ ಜಾಡಿ ಹಿಡಿದು ಅವನ ಮಗಳು, ಗ್ಲೂಮನ ಹೆಂಡತಿ, ನಿಂತಿದ್ದಳು, ತುಂಬು ಬಸುರಿ. ಬಾಗಿಲ ಬಳಿಯ ಮಣೆಯಲ್ಲಿ ಗ್ಲೂಮ ಹೊಸ ಗುರಾಣಿಯನ್ನು ಮಂಡಿಯ ನಡುವೆ ಇಟ್ಟುಕೊಂಡು ಕತ್ತು ಉದ್ದ ಮಾಡಿ ಕಾಯುತ್ತಿದ್ದ.

ಸ್ಕಾಪ್ತಿಯ ಸರದಿ ಬಂತು. ಅವನು ಎದ್ದು ನಿಂತು ಕೊಂಬಿನ ಮೇಲೆ ಕೈಯಿಟ್ಟ.

"ಈ ವರ್ಷ ನಾನು ಹಿಡಿದದ್ದು ಮೀನು, ಬಡಿದದ್ದು ಮೀನು. ಬೇರೇನೂ ಹೇಳೋದಿಲ್ಲ" ಎಂದ.

ಕುಡಿಯಲು ಕೊಂಬನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಗ್ರೋವಾ ಬಿಡಲಿಲ್ಲ. ಇಬ್ಬರ ಕೈಗಳ ನಡುವೆ ಹೆಂಡ ತುಳುಕಿತು.

"ಬಿಡು ಅಕ್ಕ" ಎಂದ ಅವನು, ಅವಳಿಗಷ್ಟೇ ಕೇಳುವಂತೆ. "ಇನ್ನೂ ಹೊತ್ತು ಮೀರಿಲ್ಲ."

"ಕೊಂಬು ತಡೆದೆ!" ಗ್ರೋವಾಳ ದನಿ ಸೂರಿನ ತನಕ ಹೋಯಿತು. "ಸ್ಕಾಪ್ತಿ, ಆ ಕಡವಿನಲ್ಲಿ ಕಣ್ಣಿಂದ ಕಂಡದ್ದು ಹೇಳು."

ಎಲುಬು ಕಡಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಇಂಗ್ವಾರ್ ಊದಿದ ಕಾಲನ್ನು ಕೆಳಗಿಳಿಸಿದ. "ಗ್ರೋವಾ, ಯೋಚನೆ ಮಾಡಿದ್ದೀಯಾ? ಬಾಳಿಗೊಂದೇ ಸಲ ಸಿಗೋದು ಇದು."

"ಮಾಡಿದ್ದೀನಿ, ಒಡೆಯಾ. ಮಗ ಹೋದಾಗಿಂದ ಬೇರೇನೂ ಮಾಡಿಲ್ಲ."

ಇಂಗ್ವಾರ್ ನಿಟ್ಟುಸಿರುಬಿಟ್ಟ. "ಕೇಳ್ಬಿಟ್ಟಳಲ್ಲ ಸ್ಕಾಪ್ತಿ. ಹೇಳು. ಇಲ್ಲಾಂದ್ರೆ ನಿನ್ನವರನ್ನ ಕಟ್ಕೊಂಡು ಹೊರಡು."

ಸ್ಕಾಪ್ತಿ ಹಿಂದೆ ತಿರುಗಿ ಬಸುರಿ ಮಗಳನ್ನು ನೋಡಿದ. ಬಾಗಿಲಿನ ಸಂದಿಯಿಂದ ಹಿಮ ಒಳಗೆ ನುಗ್ಗಿ ನಾಯಿಗಳ ಬೆನ್ನ ಮೇಲೆ ಕೂರುತ್ತಿತ್ತು. ಅವನು ಮತ್ತೆ ಗ್ರೋವಾಳ ಕಡೆ ತಿರುಗಿದ. ಅವಳು ಗದ್ದ ಎತ್ತಿ ನಿಂತಿದ್ದಳು. ಮಗ ಈಗ ಗೋಡೆಯಿಂದ ಇಳಿದು ಪಕ್ಕದಲ್ಲಿ ಬಂದು ನಿಲ್ಲುತ್ತಾನೆ ಎಂಬಂತಿತ್ತು ಅವಳ ಮುಖ.

"ನಾವು ಮೂರು ಜನ ಇದ್ವಿ" ಎಂದ ಸ್ಕಾಪ್ತಿ. "ನಾನು ಬಲಗಡೆ, ನಡುವೆ ಓಡ್ಡಿ, ಓಡ್ಡಿಗೆ ಎಡಗಡೆ ಬೆರ್ಸಿ. ದೋಣಿ ನೀರಿಗಿಳಿಯೋ ತನಕ ಕಡವು ಹಿಡೀಬೇಕಿತ್ತು. ಬೆಳಗ್ಗೆಯಿಂದ ಬೆರ್ಸಿ ನಡುಗ್ತಿದ್ದ. ಚಳಿ ಅಂದ. ಒಳ್ಳೇ ಬೇಸಿಗೆ ಅದು. ಹಗೆಯವರು ಆಚೆ ದಡದಲ್ಲಿ ಕಾಣಿಸಿಕೊಂಡ್ರು ನೋಡು, ಗುರಾಣಿ ಬಿಸಾಕಿ ಓಡಿದ."

"ಸುಳ್ಳು" ಎಂದಳು ಗ್ರೋವಾ.

ಎಲ್ಲರ ಕಣ್ಣೂ ಸ್ಕಾಪ್ತಿಯ ಬಾಯಿಯ ಕಡೆ ಹೋಯಿತು. ಅವನ ಕೈ ಇನ್ನೂ ಕೊಂಬಿನ ಮೇಲೇ ಇತ್ತು. ಗ್ರೋವಾ ಕಾದಳು. ಉದುರಲಿ, ಉದುರಲಿ ಎಂದು ಮನಸ್ಸಿನಲ್ಲೇ ಹಲುಬಿದಳು. ಮುದುಕನಿಗೆ ಬಿದ್ದ ಹಾಗೆ, ಮೊನ್ನೆ ಮೊನ್ನೆಯ ತನಕ ಇವನಿಗೂ ಬಿದ್ದ ಹಾಗೆ, ಒಂದೇ ಒಂದು ಹಲ್ಲು. ತಟ್ಟೆಯ ಮೇಲೆ ಏನೂ ಬೀಳಲಿಲ್ಲ.

"ಅವನು ಓಡಿದ ಮೇಲೆ ಓಡ್ಡಿಯ ಎಡಗಡೆ ಬಯಲಾಯ್ತು" ಎಂದು ಸ್ಕಾಪ್ತಿ ಮುಂದುವರಿಸಿದ. ಒಮ್ಮೆ ಬಾಯಿ ತೆರೆದ ಮೇಲೆ ಅವನಿಗೂ ನಿಲ್ಲಿಸಲಾಗಲಿಲ್ಲ. "ಆ ಕಡೆಯಿಂದಲೇ ಕೊಡಲಿ ಬಂತು. ಬಿದ್ದೋನು ಮಂಡಿಯ ಮೇಲೆ ಎದ್ದು ಕೂತು ಹೊಡೆದಾಡಿದ ನನ್ನ ತಮ್ಮ. ನೀವೆಲ್ಲ ದೋಣಿ ಹತ್ತಿದ್ದು ಅವನು ಅಲ್ಲಿ ಮಂಡಿಯೂರಿ ಕೂತಿದ್ದಕ್ಕೆ. ಬೆರ್ಸಿ ಜೊಂಡಿನ ತನಕ ಓಡಿದ್ದ. ಹಿಂದಿನಿಂದ ಭರ್ಜಿ ಹೋಯ್ತು. ಹೆಣ ತರೋಕೆ ಪುರುಸೊತ್ತಿರಲಿಲ್ಲ. ಓಡ್ಡಿ ಗುರಾಣಿ ಎರಡು ಹೋಳಾಗಿತ್ತು, ಅಲ್ಲೇ ಬಿಟ್ಟೆ. ಬೆರ್ಸೀದು ಹಾಗೇ ಬಿದ್ದಿತ್ತು, ಎತ್ಕೊಂಡೆ."

ಕೊಂಬಿನ ಮೇಲೆ ಗ್ರೋವಾಳ ಬೆರಳುಗಳು ಸಡಿಲವಾದವು. ನಿನ್ನೆ ತಾನೇ ತೀಡಿದ ಆ ನುಣುಪು ಅಂಗೈಗೆ ನೆನಪಿತ್ತು. ಕಡವಿಗೆ ಅಡ್ಡ ನಿಂತವನ ಗುರಾಣಿಯಲ್ಲಿ ಒಂದು ಗೀರೂ ಇರಲಿಲ್ಲ. ಪ್ರತಿ ಚಳಿಗಾಲವೂ ಅಂಗೈ ಅದನ್ನು ಹೇಳಿತ್ತು. ತಲೆಗೆ ಏರದಂತೆ ತಡೆದವಳು ಅವಳೇ. ಮೊದಲ ಚಳಿಗಾಲದ ಹಲ್ಲೂ ನೆನಪಾಯಿತು. ಬೆರ್ಸಿಯನ್ನು ಬಾಯಿತುಂಬ ಹೊಗಳಿದ ದಿನವೇ ಅದು ಉದುರಿತ್ತು.

"ಮತ್ತೆ... ನೀನ್ಯಾಕೆ..." ಎಂದಳು.

"ನೀನು ಸೊಂಟದ ತನಕ ನೀರಲ್ಲಿ ನಿಂತಿದ್ದೆ. ಏಟು ಎದೆಗೆ ಬಿತ್ತಾ ಅಂದೆ. ಏನನ್ನಬೇಕಿತ್ತು ಅಕ್ಕ ನಾನು? ಓಡ್ಡಿಗೆ ದಡದಲ್ಲಿ ಯಾರೂ ನಿಂತಿರಲಿಲ್ಲ. ಅವನದನ್ನ ತೆಗೆದು ನಿನ್ನ ಮಗನಿಗೆ ಕೊಟ್ಟೆ. ಕೊಟ್ಟ ಮೇಲೆ ನಿದ್ದೆ ಬರಲಿಲ್ಲ. ವರ್ಷಾ ವರ್ಷಾ ಒಂಚೂರು ವಾಪಸ್ ತಗೊಂಡೆ. ಈ ವರ್ಷ ಸುಮ್ಮನಿದ್ದು ಮುಗಿಸೋಣ ಅಂದ್ಕೊಂಡಿದ್ದೆ. ಸುಮ್ಮನಿದ್ದಿದ್ರೆ ಗುರಾಣಿ ನಿನ್ನ ಮನೇಲಿರ್ತಿತ್ತು."

ಸ್ಕಾಪ್ತಿಯನ್ನು ಕಳ್ಳನೆಂದು ಆಡಿಕೊಂಡವರೆಲ್ಲ ತಮ್ಮ ತಮ್ಮ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದರು. ಇಂಗ್ವಾರ್ ಗಂಟಲು ಸರಿಮಾಡಿಕೊಂಡು, "ಓಡಿದವನ ಗುರಾಣಿ ಒಲೆಗೆ" ಎಂದ. ಆಮೇಲೆ, ಕಟ್ಟಳೆ ಮಾಡಿದವನು ತಾನಲ್ಲ ಎಂಬಂತೆ ಮೆಲ್ಲಗೆ, "ಕೇಳಿದವಳ ಕೈಯಿಂದಲೇ ಆಗಬೇಕು, ಗ್ರೋವಾ" ಎಂದ.

ಗ್ರೋವಾ ಕೊಂಬನ್ನು ತೋವಾಳ ಕೈಗಿತ್ತಳು. ತೋವಾ ಅದನ್ನು ಕೆಂಡ ಹಿಡಿದಂತೆ ಹಿಡಿದುಕೊಂಡಳು. ಗ್ರೋವಾ ಜಗಲಿ ಏರಿ ನಿಂತು ಗುರಾಣಿ ಇಳಿಸಿದಳು. ಯಾರೋ ಸಹಾಯಕ್ಕೆ ಎದ್ದರು. ಇವಳ ಮುಖ ನೋಡಿ ಕೂತರು. ಒಲೆಯ ತನಕ ಅದನ್ನು ಎದೆಗವಚಿಕೊಂಡೇ ನಡೆದಳು. ಬೆಂಕಿಗಿಡುವ ಮುನ್ನ ಒಮ್ಮೆ ಅಂಗೈಯಿಂದ ಸವರಿದಳು, ಎಲ್ಲಾದರೂ ಒಂದು ಗೀರು, ಒಂದೇ ಒಂದು ಸಣ್ಣ ಗಾಯ ಸಿಕ್ಕೀತೇ ಎಂದು. ಸಿಗಲಿಲ್ಲ.

ದಪ್ಪ ಹಲಗೆ ಹೊತ್ತಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಹೊತ್ತು ಹಿಡಿಯುತ್ತದೆ, ಹೊಗೆಯಾಡುತ್ತದೆ. ಇದು ಹಾಗಾಗಲಿಲ್ಲ. ಚಳಿಗಾಲಕ್ಕೆ ಚಳಿಗಾಲ ತೀಡಿ ತೀಡಿ ಕುಡಿಸಿದ ಕುರಿಕೊಬ್ಬು ಒಮ್ಮೆಲೇ ಭಗ್ಗೆಂದು ಎದ್ದಿತು. ಜ್ವಾಲೆ ಸೂರಿನ ತೊಲೆ ಮುಟ್ಟಿತು. ಜಗಲಿಯವರು ಮುಖಕ್ಕೆ ಕೈ ಅಡ್ಡ ಹಿಡಿದು ಹಿಂದೆ ಸರಿದರು. ಇಷ್ಟು ಚೆನ್ನಾಗಿ ಉರಿದ ಗುರಾಣಿಯನ್ನು ಸ್ಕಾರ್ವಿಕ್ ನೋಡಿರಲಿಲ್ಲ. ಹುರಿದ ಕುರಿಯ ವಾಸನೆಗೆ ಬಾಗಿಲ ಬಳಿಯ ನಾಯಿಗಳು ಬಾಲವಾಡಿಸುತ್ತ ಎದ್ದು ಬಂದವು.

ಸ್ಕಾಪ್ತಿ ಅವಳ ಪಕ್ಕಕ್ಕೆ ಬಂದು ನಿಂತ. "ಬೇಡ ಅಂದಿದ್ನಲ್ಲ ಅಕ್ಕ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ಗ್ರೋವಾಳಿಗೆ ಹುಟ್ಟಿದ್ದು ಉರಿ ಮಾತ್ರ. ಸುಳ್ಳ ಎಂದು ದ್ವೇಷಿಸಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಈಗ ದ್ವೇಷಿಸಿದಳು. ಅವನ ಬಾಯಿಯನ್ನೇ ನೋಡುತ್ತ ಕೇಳಿದಳು: "ಇನ್ನೂ ಇಷ್ಟೊಂದು ಹಲ್ಲಿದೆ ನಿನಗೆ. ಇನ್ನೊಂದು ಹೋಗಿದ್ರೆ ಏನಾಗ್ತಿತ್ತೋ?"

ಸ್ಕಾಪ್ತಿ ಬೆಂಕಿಯ ಕಡೆ ನೋಡಿದ. "ಓಡ್ಡಿ ನನ್ನ ತಮ್ಮ, ಅಕ್ಕ" ಎಂದ.

ಹೊತ್ತು ಕಳೆದು ಒಡೆಯ ಕೈ ಸನ್ನೆ ಮಾಡಿದ. ಗ್ಲೂಮ ಯಾರ ಮುಖವನ್ನೂ ನೋಡದೆ ಒಳಗೆ ಬಂದು ತನ್ನ ಹೊಸ ಗುರಾಣಿಯನ್ನು ಖಾಲಿ ಗೂಟಕ್ಕೆ ಸಿಕ್ಕಿಸಿ, ಜಗಲಿಯ ಅಂಚಿನಲ್ಲಿ ಕೂತ. ಬಾರಿನ ಅಳತೆ ಸರಿಯಾಗಿತ್ತು. ತೋವಾ ಕೊಂಬು ಹಿಡಿದು ಮುಂದಿನವನ ಎದುರು ನಿಂತಳು. ಅವನು ಒಂದು ತಿಮಿಂಗಿಲದ ಕಥೆ ಶುರುಮಾಡಿದ. ಗ್ರೋವಾ ಬಾಗಿಲ ಬಳಿ ಹೋಗಿ, ಮಣೆಯ ಮೇಲೆ ಮಲಗಿದ್ದ ನಾಯಿಯನ್ನು ಎಬ್ಬಿಸಿ, ಗ್ಲೂಮ ಬಿಟ್ಟುಹೋದ ಜಾಗದಲ್ಲಿ ಕೂತಳು. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದು ಅವಳ ಬಟ್ಟಲಿಗೆ ಬಂತು. ಅದರಲ್ಲಿ ಮೀನಿನ ಬಾಲವಿತ್ತು.